ಐದನೇ ಹಲ್ಲು

ಪೆಟ್ಟಿಗೆ ಬಿಚ್ಚಿದರೆ ಹೊಸ ಬಣ್ಣದ ವಾಸನೆ.
ಕಪ್ಪು ಮೈ, ಆರು ಕೆಂಪು ಗಾಲಿ,
ಅಂಗೈಯಲ್ಲಿ ಹಿಡಿಯುವ ಉಗಿಬಂಡಿ.
ನಿಜದ ರೈಲಿಗೆ ನಲವತ್ತು ವರ್ಷ
ಕೈಮರ ಎತ್ತಿ ಇಳಿಸಿದ ಮೆರ್ಚಿನ್
ಉಸಿರು ಬಿಗಿಹಿಡಿದು ಹಳಿಗಿಟ್ಟ.

ಓಡಿತು.
ಓಡಿತೆಂದರೆ, ಕುಂಟಿತು.
ಟಿಕ್, ಸುಮ್ಮನೆ, ಟಿಕ್, ಸುಮ್ಮನೆ,
ಬೂಟಿನೊಳಗೆ ಕಲ್ಲು ಸಿಕ್ಕ ಗುಮಾಸ್ತನ ಹಾಗೆ.
ಸೇತುವೆಗೆ ಒಂದು ಗೇಣು ಮುಂಚೆ, ತಿರುವಿನಲ್ಲಿ
ಹಳಿ ಬಿಟ್ಟು ಪಕ್ಕಕ್ಕೊರಗಿತು.

"ವಾಪಸ್ ಕಳಿಸೋಣ" ಅಂದ,
ಆಗಲೇ ಫಾರಂ ತೆಗೆದು, ಕನ್ನಡಕ ಏರಿಸಿ.
"ತಿರುಪು ಮುಟ್ಟಿದರೆ ಗ್ಯಾರಂಟಿ ಹೋಯಿತು, ಹಾಂಕಾ."

ನಾನು ಮೂವತ್ತೆಂಟು ವರ್ಷ
ಬೌಟ್ಸೆನ್ನಿನ ಬಾಯಿಗಳಿಗೆ ಹಲ್ಲು ಕಟ್ಟಿದವಳು.
ಡಾಕ್ಟರಲ್ಲ. ಹಿಂದಿನ ಕೋಣೆಯಲ್ಲಿ
ಅಚ್ಚು ಹೊಯ್ದು, ಉಜ್ಜಿ, ಹೊಳಪು ಕೊಟ್ಟವಳು.
ಆ ಬಾಯಿಗಳ ಮುಖ ನೋಡಿದ್ದೇ ಕಡಿಮೆ.
ಆದರೆ ಕೂದಲೆಳೆಯಷ್ಟು ಎತ್ತರದ ಒಂದು ಹಲ್ಲು
ಇಡೀ ದವಡೆಯ ನಿದ್ದೆ ಕೆಡಿಸುವುದು ಬಲ್ಲೆ.

ಮುಟ್ಟಿದೆ. ನಾಲ್ಕು ತಿರುಪು, ಚಹಾದ ಬಸಿಯಲ್ಲಿ.
ಮೋಟಾರು ಕಳಚಿ ಗಾಜಿನ ಮೇಲೆ ಬೆರಳಿಂದ ತಳ್ಳಿದೆ:
ಟಿಕ್.
ಹಾಗಾದರೆ ಮೋಟಾರು ನಿರಪರಾಧಿ.
ಗಾಲಿಗಳ ಜೋಡುಗೋಲು ಬಿಚ್ಚಿ ತಳ್ಳಿದೆ:
ಟಿಕ್.
ಕಳ್ಳ ಇನ್ನೂ ಒಳಗಿದ್ದಾನೆ,
ಹಲ್ಲುಚಕ್ರಗಳ ಸಂದಿಯಲ್ಲಿ,
ಕಾರ್ಖಾನೆಯವರು ಬಳಿದ ಜಿಡ್ಡನ್ನು ಕಂಬಳಿಯಂತೆ ಹೊದ್ದು.

ಜಿಡ್ಡು ಒರೆಸಿದೆ. ಹಳೆಯ ಡಬ್ಬಿಯಿಂದ
ಕಚ್ಚುಗುರುತಿನ ನೀಲಿ ಕಾಗದ, ಸಪೂರ ಸೀಳಿ,
ಚಕ್ರ ಚಕ್ರದ ನಡುವೆ ಹಿಡಿದೆ.
ಯಾವತ್ತೂ ಡಾಕ್ಟರು ಆಡುತ್ತಿದ್ದ ಮಾತು
ನನ್ನ ಬಾಯಿಗೆ ಬಂತು: "ಕಚ್ಚಿ."

ಹತ್ತೊಂಬತ್ತರಲ್ಲಿ ಐದನೆಯದಕ್ಕೆ ಮಾತ್ರ
ದಟ್ಟ ನೀಲಿ. ಅಚ್ಚು ಬಿಡುವಾಗ ಉಳಿದ
ಪ್ಲಾಸ್ಟಿಕ್ಕಿನ ಸಿಬಿರು,
ಭೂತಗನ್ನಡಿಗೂ ನಾಚುವಂಥದ್ದು.
ಕೆರೆದೆ. ಟಿಕ್ ನಿಂತಿತು.

ಹಳಿ ತಪ್ಪುವುದು ನಿಲ್ಲಲಿಲ್ಲ.
ಅದೇ ತಿರುವು, ಅದೇ ಗೇಣು.
"ಈಗ ಗ್ಯಾರಂಟಿಯೂ ಇಲ್ಲ, ರೈಲೂ ಇಲ್ಲ" ಅಂದ ಮೆರ್ಚಿನ್.
ಗಾಲಿಗಳ ನಡುವಿನ ಅಳತೆ ಮೂರು ಸಲ ನೋಡಿದೆ.
ಮೂರು ಸಲವೂ ಸರಿ. ಹಾಗೆಂದು ಹೇಳಲು ಸಂಕೋಚ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ತುಯೆತ್, ಹನ್ನೊಂದು ವರ್ಷ, ಅವಳ ಅಜ್ಜ
ಹನೋಯಿಂದ ಬಂದು ಇಲ್ಲಿ ಬೋಗಿಗಳಿಗೆ ಬೆಸುಗೆ ಹಾಕಿದವನು,
ಮೇಜಿಗೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ
ಹೇಳಿಯೇಬಿಟ್ಟಳು: "ಮುಂದಿನ ಗಾಲಿ ಗಾಳಿಯಲ್ಲಿದೆ.
ನೆಲ ತಗ್ಗಾಗಿದೆ."

ಹಳಿಯ ಕೂಡಿಕೆ ಎಬ್ಬಿಸಿದೆವು.
ಕೆಳಗೆ ಗುಲಾಬಿ ಮೇಣ. ಒಸಡು ತಿದ್ದುವ ಮೇಣ.
ಈ ಊರಲ್ಲಿ ಅದು ಇನ್ಯಾರ ಕೈಯಲ್ಲಿತ್ತು?
ಕ್ರಿಸ್‌ಮಸ್ ಪ್ರದರ್ಶನಕ್ಕೆ ಒಂದೇ ರಾತ್ರಿ ಉಳಿದಾಗ
ಮರದ ಚಕ್ಕೆ ಸಿಗದೆ ತುರುಕಿದ್ದೆ.
ಮೂವತ್ತು ಬೇಸಿಗೆ ಒಂದೊಂದೇ ಕೂದಲೆಳೆ ಕುಸಿದಿದೆ.

ಹಳೆಯ ಬಂಡಿಗಳ ಕೀಲೆಲ್ಲ ಸಡಿಲ.
ತಗ್ಗು ಬಂದರೆ ತಗ್ಗಿ,
ಏನೂ ಕಾಣದವರಂತೆ ದಾಟುತ್ತಿದ್ದವು.
ಅದನ್ನೇ ನಾವು ಚೆನ್ನಾಗಿ ಓಡುವುದು ಅಂದುಕೊಂಡಿದ್ದೆವು.
ಇದು ಹೊಸತು, ಆರೂ ಗಾಲಿ ಬಿಗಿ,
ದಾಕ್ಷಿಣ್ಯ ಇಲ್ಲ.

ಮೆರ್ಚಿನ್ ಮಾತಾಡಲಿಲ್ಲ.
ದೋಷದ ವಿವರ ಎಂಬಲ್ಲಿ 'ಕುಂಟುತ್ತದೆ' ಎಂದು ಬರೆದಿದ್ದ
ಆ ಫಾರಮ್ಮನ್ನೇ ಮಡಿಸಿ ಕೂಡಿಕೆಯಡಿ ಇಟ್ಟ.
ನಾಲ್ಕು ಮಡಿಕೆ ಹೆಚ್ಚಾಯಿತು, ಒಂದು ಬಿಚ್ಚಿದ.
ಇದೂ ಕಾಗದ. ಎಷ್ಟು ಬೇಸಿಗೆಯೋ.

ದಾಟಿತು. ಸೇತುವೆ, ಸುರಂಗ, ಹಿಟ್ಟಿನ ಗಿರಣಿ,
ಮತ್ತೆ ಸೇತುವೆ. ಸದ್ದೇ ಇಲ್ಲ.
ಹೊರಗೆ ಸ್ಪ್ರೇ ನದಿಯ ಮೇಲೆ ಮಂಜು.
ನಾನು ಬಸಿ ತೊಳೆಯಲು ಎದ್ದೆ.

"ಹಾಂಕಾ," ತುಯೆತ್ ಇನ್ನೂ ಮೇಜಿಂದ ಕೆನ್ನೆ ಎತ್ತಿಲ್ಲ,
"ಹಿಂದಿನ ದೀಪ ಒಂದು ಉರಿಯುತ್ತಿಲ್ಲ."