ಮಂದ್ರಕ್ಕೊಂದು ಅಳತೆ

ಮೊದಲು ಕೈ ಕೊಡಿ, ಅಂದ ವಿಸ್ವಾಲ್ಡಿಸ್.
ಕುಲುಕಲಿಕ್ಕಲ್ಲ.
ಹಳೆಯ ರಟ್ಟಿನ ಮೇಲೆ ನನ್ನ ಎಡಗೈ ಒತ್ತಿ
ಬೆರಳ ಸುತ್ತ ಪೆನ್ಸಿಲು ಓಡಿಸಿದ,
ಶಾಲೆಗೆ ಹೊಸತಾಗಿ ಬಂದ ಮಗುವಿಗೆ ಮಾಡುವಂತೆ.
ಕಿರುಬೆರಳ ಹತ್ತಿರ ಸೀಸ ನಿಂತಿತು.
"ಇದು?"
"ಡಿಪೋದಲ್ಲಿ, ಬಾಗಿಲಿಗೆ ಸಿಕ್ಕಿ. ಮಡಚುತ್ತದೆ, ಚಾಚುವುದಿಲ್ಲ."
ಹೂಂ ಅಂದ. ರಟ್ಟಿನ ಅಂಚಿಗೆ ಬರೆದುಕೊಂಡ:
ಬೆರಳು ಮೂರೂವರೆ.

ಹದಿನೇಳು ವರ್ಷದಿಂದ ರೀಗಾದ ಹಳಿಗಳ ಮೇಲೆ ಟ್ರಾಮು ಓಡಿಸುತ್ತೇನೆ.
ಶನಿವಾರ ರಾತ್ರಿ ಬೇಸ್ ನುಡಿಸುತ್ತೇನೆ,
ಯಾರದೋ ದೊಡ್ಡ ಕೈಗೆಂದು ಕಾರ್ಖಾನೆ ಹೆತ್ತದ್ದನ್ನು,
ಅಣ್ಣನ ಬೂಟು ಹಾಕಿ ಹಿಮ ತುಳಿದ ಹಾಗೆ.
ಭುಜದಲ್ಲಿ ಅದು ಕೊರೆದ ಗೆರೆ,
ಬಚ್ಚಲಲ್ಲಿ ಮಾತ್ರ ಕಾಣುವ ಬಡ್ತಿಯ ಪಟ್ಟಿ.

ಎಷ್ಟು ಭಾರ ಹೊರಬಲ್ಲಿರಿ? ನಿಂತೋ, ಕೂತೋ?
ಕುಣಿಯುವವರ ಎದುರೋ, ಸುಮ್ಮನೆ ಕೇಳುವವರ ಎದುರೋ?
ಉಗುರು ಬಿಡುತ್ತೀರೋ?
ಕಟ್ಟಿಕೊಂಡವನೂ ನನ್ನನ್ನು ಇಷ್ಟೊಂದು ಕೇಳಿರಲಿಲ್ಲ.

ಒಳಗೆ ಕರೆದೊಯ್ದು ಹಲಗೆಗಳನ್ನು
ಗೆಣ್ಣಿನಿಂದ ತಟ್ಟಿದ. ಬರ್ಚು ಠಕ್ಕೆಂದಿತು.
ಆ್ಯಶ್ ಯೋಚಿಸಿ, ತಡವಾಗಿ ಉತ್ತರ ಕೊಟ್ಟಿತು.
ಗೌಯಾ ನದಿಯ ಬದಿಯ ಆಲ್ಡರಿನ ತುಂಡೊಂದು
ಪಕ್ಕದ ಮನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ
ಹ್ಞೂಂ ಅಂದಿತು. ಇದೇ, ಅಂದೆ.
ಬಣ್ಣ?
ಹಳೆ ಟ್ರಾಮಿನ ಸೀಟಿನ ಕಂದು, ಕೂತು ಕೂತು ಸವೆದ ಜಾಗದ್ದು.
ಅವನು ನಗಲಿಲ್ಲ. ನನಗದು ಹಿಡಿಸಿತು.

ದನಿ? ಅಂತ ನಾನೇ ಕೇಳಿದೆ, ಮುಂಗಡ ಎಣಿಸುತ್ತ.
ಊಟದ ಮೇಜು ಮಾರಿದ ದುಡ್ಡು;
ಒಬ್ಬಳಿಗೆ ಆರು ಕುರ್ಚಿ ಯಾಕೆ?
"ತೂಕ ಕೊಡಬಲ್ಲೆ, ಕತ್ತು ಕೊಡಬಲ್ಲೆ.
ದನಿ ನಿಮ್ಮ ಕೈಯಲ್ಲೇ ಇದೆ,
ಅದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ."

ಆರು ತಿಂಗಳು ಅಂದಿದ್ದ. ಹದಿನಾಲ್ಕಾಯಿತು.
ನಡುವೆ ಎರಡು ಕಾರ್ಡು.
"ಮರ ಇನ್ನೂ ಒಣಗಲೊಲ್ಲದು. ಕಾಯಿರಿ."
"ಮರ ಒಣಗಿತು. ನನಗೆ ಕೆಮ್ಮು. ಕಾಯಿರಿ."
ನಾನು ನಿಲ್ದಾಣಗಳಲ್ಲಿ ಬಾಗಿಲು ತೆರೆದೆ, ಮುಚ್ಚಿದೆ.
ಕೆಂಪು ದೀಪಕ್ಕೆ ನಿಂತಾಗೆಲ್ಲ
ಬ್ರೇಕಿನ ಹಿಡಿಯ ಮೇಲೆ ಮೂರೂವರೆ ಬೆರಳು
ಇನ್ನೂ ಹುಟ್ಟದ ತಂತಿ ಒತ್ತುತ್ತಿದ್ದವು.

ಬಂತು. ಸೊಂಟದ ಮೂಳೆಗೆ ಆತುಕೊಂಡು ಕೂತಿತು.
ಪಟ್ಟಿ ಏರಿಸಿದರೆ ಹೆಗಲಿಗೆ ಸುದ್ದಿಯೇ ಇಲ್ಲ.
ಮೊದಲ ಮೆಟ್ಟಿಲಿಂದ ಮೂರನೆಯದಕ್ಕೆ
ಇಷ್ಟು ವರ್ಷ ಜಿಗಿಯುತ್ತಿದ್ದೆನಲ್ಲ,
ಈಗ ಪಕ್ಕದ ಕೋಣೆಗೆ ಹೋದಷ್ಟೇ.
ದಪ್ಪ ತಂತಿಯನ್ನೊಮ್ಮೆ ಮೀಟಿದೆ:
ಕಪಾಟಿನ ಲೋಟಗಳು ಒಂದಕ್ಕೊಂದು ಏನೋ ಹೇಳಿಕೊಂಡವು.
ಮೇಜಿಲ್ಲದ ಕೋಣೆಗೆ ಮಂದ್ರ ಒಪ್ಪುತ್ತದೆ.

ಜೂನಿನಲ್ಲಿ ಊರಂಚಿನ ಬಯಲ ಕುಣಿತ. ಕತ್ತಲಾಗಲೊಲ್ಲದ ರಾತ್ರಿ.
ಹಲಗೆ ಹಾಸಿದ ಅಂಗಳ, ಬೀರು, ಶಾಜೀರಿಗೆಯ ಚೀಸು.
ಎರಡು ಗಂಟೆ ನುಡಿಸಿ ನೀರಿಗೆ ನಿಂತಾಗ
ಅಕಾರ್ಡಿಯನ್ನಿನ ಸ್ಕೈದ್ರೀತೆ ಕೇಳಿದಳು,
"ಯಾವಾಗ ತರ್ತೀಯೆ ಹೊಸದನ್ನ?"
ಇದೇ, ಅಂದೆ.
ಡ್ರಮ್ಮಿನ ಎಗೀಲ್ಸ್ ತಿರುಗಿ ನೋಡಿದ.
"ಓ. ಚೆನ್ನಾಗಿದೆ ಬಣ್ಣ."

ಒಂದು ಮೇಜು, ಆರು ಕುರ್ಚಿ, ಹದಿನಾಲ್ಕು ತಿಂಗಳು.
ಚೆನ್ನಾಗಿದೆ ಬಣ್ಣ.

ಆಮೇಲಿನ ವಾಲ್ಟ್ಸಿನ ನಡುವೆ ಪಟ್ಟಿ ಗುಂಡಿಯಿಂದ ಕಳಚಿ,
ಜಾರುವ ಸಾರಿನ ಪಾತ್ರೆಯನ್ನು ಹಿಡಿದಂತೆ
ಎರಡೂ ಕೈಯಲ್ಲಿ ಹಿಡಿದುಕೊಂಡೆ.
ಎರಡು ಆವರ್ತ, ಅಷ್ಟೇ.
ಅಕಾರ್ಡಿಯನ್ ಇತ್ತು, ಡ್ರಮ್ ಇತ್ತು, ಒಂದು ಸ್ವರವೂ ತಪ್ಪಿರಲಿಲ್ಲ.
ಆದರೂ ನಲವತ್ತು ಜೋಡಿ ಕಾಲು
ಇಲ್ಲದ ಕೊನೆಯ ಮೆಟ್ಟಿಲಿಗೆ ಇಟ್ಟ ಹೆಜ್ಜೆಯಂತೆ ತಡವರಿಸಿದವು.
ಒಬ್ಬ ಮುದುಕ, ಹೆಂಡತಿಯ ಸೊಂಟ ಬಿಡದೆ,
ಬಗ್ಗಿ ನೆಲ ನೋಡಿದ,
ಹಲಗೆ ಎಲ್ಲಾದರೂ ಮುರಿಯಿತೇ ಎಂದು.
ನನ್ನ ಕಡೆ ಯಾರೂ ನೋಡಲಿಲ್ಲ.

ಪಟ್ಟಿ ಸಿಕ್ಕಿಸಿದೆ. ಕಿರುಬೆರಳು ಮಡಚಿ ಒತ್ತಿದೆ.
ನೆಲ ತನ್ನ ಜಾಗಕ್ಕೆ ಬಂದಿತು.
ಮುದುಕ ಮತ್ತೆ ಸುತ್ತಿದ.

ಬೆಳಗಿನ ಮೊದಲ ಟ್ರಾಮು ನನ್ನದು.
ಓಕ್ ಎಲೆಯ ಕಿರೀಟ ಹೊತ್ತ ಹುಡುಗನೊಬ್ಬ
ಹತ್ತಿದವನೇ ಕಿಟಕಿಗೆ ತಲೆ ಆನಿಸಿ ನಿದ್ದೆಹೋದ.
ಕೊನೆಯ ನಿಲ್ದಾಣದವರೆಗೂ
ಅವನ ಒಂದೆಲೆ ಅಲುಗದಂತೆ
ಬ್ರೇಕು ಹಿಡಿದೆ.