ಇನ್ನೂರ ಹನ್ನೆರಡು

ಕುಟೈಸಿಯ ಡಯಾಲಿಸಿಸ್ ವಾರ್ಡಿನಲ್ಲಿ
ಹೇಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ.
ಎಲ್ಲಿಗೆ ಬಂತು? ಅನ್ನುತ್ತಾರೆ.

ಒಂದು ಕೈ ಯಂತ್ರಕ್ಕೆ, ಇನ್ನೊಂದು ಪುಸ್ತಕಕ್ಕೆ.
ನಾಲ್ಕು ತಾಸು.

ಎತೆರಿಯದು ಮೂರನೇ ಸಲದ ಓದು.
ಕುದುರೆ ಸಾಯುವ ಅಧ್ಯಾಯ ಹತ್ತಿರವಾದಂತೆ
ನಿಧಾನಿಸುತ್ತಾಳೆ,
ಈ ಸಲವಾದರೂ ಅದು ಹೊಳೆ ದಾಟೀತೇನೋ ಎಂದು.
ಜುರಾಬನದು ಜೇನುಸಾಕಣೆಯ ಹಳೇ ಕೈಪಿಡಿ.
ಪೆಟ್ಟಿಗೆಗಳನ್ನು ಮಾರಿ ಏಳು ವರ್ಷ;
ರಾಣಿನೊಣದ ಪುಟ ಈಗಲೂ ಬಾಯಿಪಾಠ.

ಕಿಟಕಿ ಪಕ್ಕದ ಗುರಾಮ್ ಮಾತ್ರ ಹೇಳುತ್ತಿರಲಿಲ್ಲ,
ರಟ್ಟಿಗೆ ಪತ್ರಿಕೆ ಸುತ್ತಿ ಓದುತ್ತಿದ್ದ.

ಗುರುವಾರ ಅವನ ಮಂಚ ನನಗೆ ಬಂತು.
ದಿಂಬಿನಡಿ ಅದೇ ಪುಸ್ತಕ,
ಇನ್ನೂರ ಹನ್ನೆರಡರಲ್ಲಿ ಕಿವಿ ಮಡಚಿದ್ದು.
ಮೊದಲಿಂದ ಶುರುಮಾಡಲು ಮನಸ್ಸಾಗಲಿಲ್ಲ.
ಯಾರು ಈ ಹುಡುಗಿ, ಯಾವ ಊರಿನ ನಿಲ್ದಾಣ,
ಗೊತ್ತಿಲ್ಲದೆ ಅಲ್ಲಿಂದಲೇ ಓದುತ್ತಿದ್ದೇನೆ.

ಎಲ್ಲಿಗೆ ಬಂತು? ಎಂದಳು ಎತೆರಿ.

ಯಾರೋ ಕೊಡೆ ಮರೆತು ಹೋದರು, ಎಂದೆ.