ಡಿಪ್ಪರ್

ರೇಸ್ ಕೊಟ್ಟರೆ ಬೆಳಕು, ಬಿಟ್ಟರೆ ಬೂದಿ.
ಹನ್ನೊಂದು ವರ್ಷದ ಗಾಡಿ, ಅದರ ಮೂತಿಯ ದೀಪ
ನಾನು ಗೇರ್ ಬದಲಿಸಿದಾಗಲೆಲ್ಲ ರೆಪ್ಪೆ ಹೊಡೆಯುತ್ತಿತ್ತು,
ಕಥೆ ಕೇಳುತ್ತ ತೂಕಡಿಸುವ ಮುದುಕಿಯ ಹಾಗೆ.

ಚಾಕಣದಲ್ಲಿ ಎರಡನೇ ಪಾಳಿ ಬಿಡುವುದು ರಾತ್ರಿ ಹನ್ನೆರಡಕ್ಕೆ.
ಅಲ್ಲಿಂದ ಆಳಂದಿಯ ಖೋಲಿಗೆ ಅಡ್ಡದಾರಿ, ಇಪ್ಪತ್ತೆರಡು ನಿಮಿಷ.
ಹಿಂದೆ ಜತ್ತಿನ ಮಾಳಪ್ಪ,
ಅವನ ಖಾಲಿ ಡಬ್ಬಿಯೊಳಗೆ ಒಂಟಿ ಚಮಚದ ಟಣಟಣ.

ಮೊನ್ನೆ ಕಬ್ಬಿನ ಟ್ರಾಲಿಯೊಂದು
ಹಿಂದೆ ಕೆಂಪಿಲ್ಲದೆ, ಚೂರು ರೇಡಿಯಂ ಇಲ್ಲದೆ
ದಾರಿಯ ನಡುವೆ ಮನೆಯಂತೆ ನಿಂತಿತ್ತು.
ಬ್ರೇಕು ಹಿಡಿದದ್ದು ನಾನೋ ಗಾಡಿಯೋ,
ಕಬ್ಬಿನ ಗರಿ ಬಂದು ಕೆನ್ನೆ ಸವರಿತು.
ಮಾಳಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ,
"ನಾಳಿಗೆ ನಾನಾ ಪೇಠಕ್ಕ ಹೋಗು ಮೊದಲ" ಅಂದ.

ನಾನಾ ಪೇಠದ ಮುಸ್ತನ್ಸಿರ್ ಭಾಯಿ
ಗಾಜಿನ ಕಪಾಟಿನ ಮೇಲೆ ಮೂರು ಪೆಟ್ಟಿಗೆ ಇಟ್ಟರು.
ಒಂದು ನೀಲಿಬಿಳುಪು, ಬೆಕ್ಕಿನ ಕಣ್ಣಂಥದ್ದು.
ಒಂದು ನೂರು ವ್ಯಾಟಿಂದು: "ಹಗಲೇ ಆಗ್ತದೆ, ಆದರೆ ಎರಡು ತಿಂಗಳಲ್ಲಿ
ಹಿಂದಿನ ಬಟ್ಟಲು ಸುಟ್ಟು ಹಪ್ಪಳ."
ಮೂರನೆಯದು ಸಾದಾ, ಹಳದಿ, ನೋಡಿದರೆ ಮರೆತುಹೋಗುವಂಥದ್ದು.
ಅವರು ಮರಾಠಿಯಲ್ಲಿ ಕೇಳಿದ್ದು
ನನ್ನ ತಲೆಯೊಳಗೆ ಕನ್ನಡವಾಗಿಯೇ ಬಿತ್ತು:
ಹೊಳೆಯೋದು ಬೇಕೋ, ಉಳಿಯೋದು ಬೇಕೋ?

ನೂರ ಎಂಬತ್ತು ರೂಪಾಯಿ. ಜೊತೆಗೆ ಪಿಂಗಾಣಿ ಹೋಲ್ಡರು,
ಒಂದು ರಿಲೇ, ಎರಡು ಮಾರು ತಾಮ್ರದ ತಂತಿ.

ಸೋಪಾನ ಮೂತಿ ಬಿಚ್ಚಿದ. ಹಳೆಯ ಹೋಲ್ಡರು
ಕರಗಿ, ಬೆಲ್ಲದ ಪಾಕದಂತೆ ಅಂಟಿ ಕೂತಿತ್ತು.
"ತಪ್ಪು ಬಲ್ಬಿಂದಲ್ಲ, ಅದಕ್ಕೆ ಊಟವೇ ಹೋಗ್ತಿರಲಿಲ್ಲ.
ಸ್ವಿಚ್ಚು ತಿಂದು, ಸಣ್ಣ ತಂತಿ ತಿಂದು, ಉಳಿದ ಎಂಜಲು ಇದಕ್ಕೆ."
ಬ್ಯಾಟರಿಯಿಂದ ನೇರ ಎಳೆದ.
ಹೊಸದನ್ನು ತೆಗೆಯಲು ನಾನು ಕೈ ಚಾಚಿದರೆ
ಮಣಿಕಟ್ಟಿಗೊಂದು ಏಟು.
ಗಾಜು ಮುಟ್ಟಬಾರದಂತೆ. ಬೆರಳಿನ ಜಿಡ್ಡು ಕೂತ ಜಾಗದಲ್ಲಿ
ಕಾವು ಏರಿ ಒಡೆಯುತ್ತದಂತೆ.
ಎಂಟು ತಾಸು ಪ್ರೆಸ್ಸಿಗೆ ತಗಡು ಉಣಿಸುವ ಈ ಕೈಯನ್ನು
ಪ್ಯಾಂಟಿಗೆ ಒರೆಸಿಕೊಂಡೆ,
ಒರೆಸಿದರೆ ಹೋಗುವಂಥದ್ದಲ್ಲವೆಂದು ಗೊತ್ತಿದ್ದೂ.

ರಾತ್ರಿ ಹೊತ್ತಿಸಿದೆ.
ಒಂಬತ್ತು ವರ್ಷ ಓಡಾಡಿದ ದಾರಿಯನ್ನು
ನಾನು ನೋಡಿರಲೇ ಇಲ್ಲ, ಬಾಯಿಪಾಠ ಮಾಡಿದ್ದೆ.
ಇಲ್ಲಿ ಗುಂಡಿ, ಇಲ್ಲಿ ಎಡ, ಇಲ್ಲಿ ನಾಯಿ.
ಈಗ ಗುಂಡಿಗೆ ಅಂಚು ಬಂತು, ನಾಯಿಗೆ ನಾಲ್ಕು ಮರಿ ಬಂದವು,
ಜಾಲಿಯ ಮುಳ್ಳಿಗೆ ಯಾರದೋ ಓಢಣಿ ಬಂತು,
ಎರಡನೇ ತಿರುವಿನಲ್ಲಿ, ಡಾಂಬರಿನಿಂದ ಮೂರೇ ಗೇಣು,
ಕಟ್ಟೆಯಿಲ್ಲದ ಬಾವಿ.

ಇಬ್ಬರೂ ಇಳಿದೆವು.
ಮಾಳಪ್ಪ ಕಲ್ಲೊಂದು ಎತ್ತಿ ಹಾಕಿ ಎಣಿಸಿದ:
ಒಂದು, ಎರಡು.
ನೀರಿನ ಸದ್ದು ಬಂದಾಗ ಡಬ್ಬಿಯ ಚಮಚ ಸುಮ್ಮನಿತ್ತು.

ಬೆಳಕು ಬಂದ ಮೇಲೆ ಮೂವತ್ತೊಂದು ನಿಮಿಷ ಹಿಡಿಯುತ್ತದೆ.
"ಯಾಕಪಾ, ಹೊಸ ಬಲ್ಬ್ ಹಾಕಿಸಿ ಆಮಿ ಆದಿ?" ಎಂದು
ಮಾಳಪ್ಪ ನಗುತ್ತಾನೆ. ನಗುವಾಗಲೂ
ನನ್ನ ಅಂಗಿಯ ಬೆನ್ನು ಅವನ ಮುಷ್ಟಿಯಲ್ಲಿರುತ್ತದೆ.

ಎದುರಿನ ಹಾಲಿನ ಟೆಂಪೋದವ ಕಣ್ಣಿಗೆ ಕೈ ಅಡ್ಡ ಹಿಡಿದು
ಬೈದುಹೋದ ಮರುದಿನ,
ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಸೋಪಾನ
ಬೆಳಕನ್ನು ನಾಲ್ಕು ಬೆರಳು ಬಗ್ಗಿಸಿಕೊಟ್ಟ.
ಈಗ ಎದುರು ಯಾರು ಬಂದರೂ
ಹೆಬ್ಬೆರಳು ತಾನೇ ಡಿಪ್ಪರ್ ಒತ್ತುತ್ತದೆ.

ಎರಡನೇ ತಿರುವಿನಲ್ಲಿ ಯಾರೂ ಇರುವುದಿಲ್ಲ.
ಅಲ್ಲೂ ಒತ್ತುತ್ತದೆ.
ಒಂಬತ್ತು ವರ್ಷ, ದಿನಾ ರಾತ್ರಿ,
ನನಗೆ ದಾರಿ ಬಿಟ್ಟಿದ್ದು ಅದು.